ಅಜ್ಜಿರಾಣಿಯ ತೋಟದಲ್ಲಿ ಒಂದು ಹಗಲು

ಬಹಳ ಬಹಳ ಹಿಂದೆ, ಗಿಡಮರಗಳು ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಕೇದಗೆಪಟ್ಟಣವೆಂಬ ಒಂದು ರಾಜಧಾನಿ ಇತ್ತು. ಊರೆಂದರೆ ಸಣ್ಣ ಊರಲ್ಲ. ಮೂಡಣ ಬಾಗಿಲಿಂದ ಪಡುವಣ ಬಾಗಿಲಿಗೆ ಕುದುರೆಯ ಮೇಲೆ ಹೋದರೂ ಅರ್ಧ ಹಗಲು ಹಿಡಿಯುತ್ತಿತ್ತು. ಕಂಚುಗಾರರ ಬೀದಿ, ಬಳೆಗಾರರ ಬೀದಿ, ಬಣ್ಣಗಾರರ ಬೀದಿ, ಎಲ್ಲಿ ನೋಡಿದರೂ ಜನವೋ ಜನ.

ಆ ಊರಿನ ನಟ್ಟನಡುವೆ ಒಂದು ತೋಟ. ಈಗಿನ ರಾಜನ ಮುತ್ತಜ್ಜಿ ಅದನ್ನು ನೆಡಿಸಿದ್ದಳು. "ಅರಮನೆ ನನ್ನ ಮಕ್ಕಳಿಗಿರಲಿ, ತೋಟ ಊರಿನ ಮಕ್ಕಳಿಗಿರಲಿ" ಎಂದು ಹೇಳಿ, ಅದರ ಬಾಗಿಲಿಗೆ ಅಗುಳಿಯನ್ನೇ ಇಡಿಸಿರಲಿಲ್ಲ. ಹಾಗಾಗಿ ಜನ ಅದನ್ನು ಅಜ್ಜಿರಾಣಿಯ ತೋಟ ಅಂತಲೇ ಕರೆಯುತ್ತಿದ್ದರು. ಮುಂದುಗಡೆ ಹೂವಿನ ಪಾತಿಗಳು, ಆನೆ ಸಿಂಹಗಳ ಹಾಗೆ ಕತ್ತರಿಸಿ ಬೆಳೆಸಿದ ಗೊರಂಟಿ ಪೊದೆಗಳು. ನಡುವೆ ತಾವರೆಯ ಕೊಳ. ಕೊಳದಾಚೆ ಹೊಂಗೆ, ನೇರಳೆ, ಮತ್ತಿ, ಮುತ್ತುಗಗಳು ಒತ್ತಾಗಿ ನಿಂತ ಒಳಕಾಡು. ಬೇಸಗೆಯಲ್ಲಿ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಿತ್ತು. ಜಗಳವಾಡಿದ ಗಂಡಹೆಂಡಿರೂ ಅಲ್ಲಿ ಒಂದು ಸುತ್ತು ಹಾಕಿ ರಾಜಿಯಾಗಿ ಮನೆಗೆ ಹೋಗುತ್ತಿದ್ದರು.

ಇಂಥ ತೋಟಕ್ಕೆ ಒಂದು ಕೇಡು ಬಂತು. ಒಳಕಾಡಿಗೆ ಒಬ್ಬೊಬ್ಬರೇ ಹೋದವರು ಹಿಂದಿರುಗುವುದು ನಿಂತುಹೋಯಿತು. ಮೊದಲು ಜೇನು ಬಿಡಿಸುವವನೊಬ್ಬ ಹೋದ, ಬರಲಿಲ್ಲ. ಆಮೇಲೆ ಹಾಲು ಮಾರುವ ಹೆಂಗಸೊಬ್ಬಳು ಅಡ್ಡದಾರಿ ಹಿಡಿದಳು, ಬರಲಿಲ್ಲ. ಬಣ್ಣಗಾರರ ಬೀದಿಯ ಅಂಕಣ್ಣ ನೂಲಿಗೆ ಬಣ್ಣ ಹಾಕಲು ಉದುರಿದ ಮುತ್ತುಗದ ಹೂವು ಆರಿಸಿಕೊಂಡು ಬರುತ್ತೇನೆಂದು ಹೋದ, ಅವನೂ ಬರಲಿಲ್ಲ. ಹುಡುಕಲು ಹೋದವರಿಗೆ ಬಟ್ಟೆಯ ಚೂರೂ ಸಿಗಲಿಲ್ಲ. ಜನ ಹೆದರಿದರು. ಮಾಲಿಗಳು ಓಡಿಹೋದರು. ತೋಟ ಬಿಕೋ ಎನ್ನತೊಡಗಿತು.

ಕಡೆಗೆ ಒಂದು ದಿನ ರಾಜ ಹರಿಕಂಠನ ಒಬ್ಬಳೇ ಮಗಳು, ಪುಟ್ಟ ಇಂದುಲೇಖೆ, ದಾದಿಯ ಕೈ ಬಿಡಿಸಿಕೊಂಡು ಚಿಟ್ಟೆಯ ಹಿಂದೆ ಓಡಿ, ಕೊಳದ ಬದಿಯ ಮುಳ್ಳಿನಡಿ ನುಸುಳಿ ಒಳಕಾಡು ಹೊಕ್ಕಳು. ಅಷ್ಟೇ, ಮತ್ತೆ ಕಾಣಿಸಲಿಲ್ಲ.

ರಾಜ ಅನ್ನ ನೀರು ಬಿಟ್ಟ. ಆಗ ದೊಡ್ಡ ರುಮಾಲು ಸುತ್ತಿದ ಸನ್ಯಾಸಿಯೊಬ್ಬ ಅರಮನೆಗೆ ಬಂದು ಹೇಳಿದ: "ಮಹಾರಾಜ, ಆ ಕಾಡು ನಿಂತಿರುವ ತನಕ ನಿನ್ನ ಮಗಳು ಸಿಗುವುದಿಲ್ಲ. ನಾಳೆ ಹೊತ್ತು ಮುಳುಗುವ ಮುನ್ನ ಅದನ್ನು ಕಡಿಸಲು ತೊಡಗು. ಮೊದಲ ಪೆಟ್ಟು ನಿನ್ನ ಕೈಯಿಂದಲೇ ಬೀಳಲಿ. ಮಗಳು ಓಡಿ ಬರುತ್ತಾಳೆ."

ರಾಜನಿಗೆ ಬೇರೆ ಯೋಚನೆಯೇ ಬರಲಿಲ್ಲ. ಸನ್ಯಾಸಿಯ ಮಾತಿನಂತೆ ಒಳಕಾಡು ಕಡಿಯಬೇಕು, ಊರಿನ ಮರ ಕಡಿಯುವವರೆಲ್ಲ ಕೊಡಲಿ ಮಸೆಯಿರೆಂದು ಡಂಗುರ ಸಾರಿಸಿದ.

ಡಂಗುರದ ಸದ್ದು ಬಣ್ಣಗಾರರ ಬೀದಿಗೂ ಮುಟ್ಟಿತು. ಅಲ್ಲಿ ಅಂಕಣ್ಣನ ತಾಯಿ ಹೊನ್ನಾಜವ್ವ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಮಗಳು ಪದುಮಿ ನೂಲಿನ ಲಡಿ ಬಿಡಿಸುತ್ತಿದ್ದಳು. ಪದುಮಿಗೆ ಇನ್ನೂ ಮದುವೆಯಾಗಿರಲಿಲ್ಲ. ನೀಲಿ ಬಣ್ಣದಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಸದಾ ನೀಲಿಯಾಗೇ ಇರುತ್ತಿದ್ದವು. ಡಂಗುರ ಕೇಳಿದ್ದೇ ಅವಳು ಲಡಿ ಕೆಳಗಿಟ್ಟು ಎದ್ದು ನಿಂತಳು.

"ಅವ್ವಾ, ಕಾಡು ಕಡಿದರೆ ಅಣ್ಣ ಎಲ್ಲಿ ಸಿಗುತ್ತಾನೆ? ಅವನು ಹೋದ ದಾರಿಯೇ ಇಲ್ಲದ ಹಾಗಾಗುತ್ತದಲ್ಲ."

"ನಿನ್ನನ್ನೂ ಕಳಕೊಂಡು ನಾನು ಯಾರ ಮುಖ ನೋಡಲಿ ಮಗಳೇ?" ಎಂದಳು ಹೊನ್ನಾಜವ್ವ.

"ಕಳೆದುಹೋಗಲು ಹೋಗುತ್ತಿಲ್ಲವ್ವ. ಹುಡುಕಲು ಹೋಗುತ್ತೇನೆ."

ಅವಳು ನೆಟ್ಟಗೆ ಅರಮನೆಗೆ ಹೋಗಿ, ರುಮಾಲಿನ ಸನ್ಯಾಸಿಯ ಪಕ್ಕ ಕೂತಿದ್ದ ರಾಜನ ಮುಂದೆ ಕೈಮುಗಿದು ನಿಂತಳು. "ಒಡೆಯರೇ, ನನ್ನ ಅಣ್ಣ ಆ ಕಾಡಿನಲ್ಲಿದ್ದಾನೆ. ಕಡಿಯುವ ಮುಂಚೆ ನನಗೆ ಒಂದು ಹಗಲು ಕೊಡಿ."

ರಾಜ ತಲೆಯೆತ್ತಿ ನೋಡಿದ. ಅತ್ತು ಅತ್ತು ಅವನ ಕಣ್ಣು ಬಾತುಕೊಂಡಿತ್ತು. "ನನ್ನ ಮಗಳೂ ಅಲ್ಲೇ ಇದ್ದಾಳಮ್ಮ. ತೋಟದ ಬಾಗಿಲಿಗೆ ಅಗುಳಿ ಇಲ್ಲ, ಹೋಗುವುದಾದರೆ ಹೋಗು. ಆದರೆ ನಾಳೆ ಸಂಜೆ ಕೊಡಲಿ ಬೀಳುವುದು ಬೀಳುತ್ತದೆ."

ಮರುದಿನ ಸೂರ್ಯ ಹುಟ್ಟುತ್ತಲೇ ಪದುಮಿ ನೂಲು ಕತ್ತರಿಸುವ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ತೋಟದ ಬಾಗಿಲು ದಾಟಿದಳು.

ಒಳಗೆ ಹೂವುಗಳು ಅರಳಿಯೇ ಇದ್ದವು. ನೋಡುವವರಿಲ್ಲವೆಂದು ಅವು ಅರಳುವುದನ್ನು ಬಿಟ್ಟಿರಲಿಲ್ಲ. ಸೇವಂತಿಗೆಯ ಪಾತಿಗಳು ದಾರಿಯ ಮೇಲೆ ಚೆಲ್ಲಿಕೊಂಡಿದ್ದವು. ಮಲ್ಲಿಗೆಯ ಬಳ್ಳಿ ಕಲ್ಲುಬೆಂಚನ್ನು ಹತ್ತಿ, ಕೂರಲು ಜಾಗವೇ ಇಲ್ಲದ ಹಾಗೆ ಹಬ್ಬಿತ್ತು. ಪದುಮಿಗೆ ಭಯದ ನಡುವೆಯೂ ಮನಸ್ಸು ಹಗುರಾಯಿತು. ಚಿಕ್ಕವಳಿದ್ದಾಗ ಅಣ್ಣ ಇದೇ ದಾರಿಯಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡುತ್ತಿದ್ದ.

ಆಗ ನೆಲ ನಡುಗಿತು. ದಾರಿಗೆ ಅಡ್ಡವಾಗಿ ಒಂದು ಆನೆ ಬಂದು ನಿಂತಿತು. ಅದು ಮಾಂಸದ ಆನೆಯಲ್ಲ, ಎಲೆಯ ಆನೆ. ಮಾಲಿಗಳು ಕತ್ತರಿಸಿ ಬೆಳೆಸಿದ್ದ ಗೊರಂಟಿ ಪೊದೆಯೇ ಬೇರು ಕಿತ್ತುಕೊಂಡು ನಡೆದುಬಂದಿತ್ತು. ಕತ್ತರಿ ಕಾಣದೆ ಅದರ ಮೈಯೆಲ್ಲ ಜೊಂಪೆ ಜೊಂಪೆಯಾಗಿ ಬೆಳೆದು, ಸೊಂಡಿಲು ಯಾವುದು ಕಾಲು ಯಾವುದು ತಿಳಿಯುತ್ತಿರಲಿಲ್ಲ. ಅದು ಸೊಂಡಿಲು ಬೀಸಿದ ರಭಸಕ್ಕೆ ಗುಲಾಬಿಯ ಪಾತಿಯೊಂದು ನುಚ್ಚುನೂರಾಯಿತು.

"ಯಾರದು? ಯಾರದು ಬಂದವರು? ತುಳಿದುಬಿಡುತ್ತೇನೆ!" ಎಂದು ಆನೆ ಘೀಳಿಟ್ಟಿತು.

ಪದುಮಿ ಓಡಲಿಲ್ಲ. ಓಡಿದರೆ ಹಗಲು ಮುಗಿಯುತ್ತದೆ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಅವಳು ಆನೆಯ ಮುಖವನ್ನು ದಿಟ್ಟಿಸಿ ನೋಡಿದಳು. ಅದರ ಕಣ್ಣಿನ ಮೇಲೆ ಎಲೆಗಳು ದಟ್ಟವಾಗಿ ಬೆಳೆದು ಮುಚ್ಚಿಕೊಂಡಿದ್ದವು.

"ಆನಪ್ಪಾ, ನಿನಗೆ ಕಣ್ಣು ಕಾಣುವುದಿಲ್ಲವೇ?" ಎಂದು ಕೇಳಿದಳು.

ಆನೆ ಸೊಂಡಿಲು ಇಳಿಸಿತು. "ಎಷ್ಟೋ ದಿನವಾಯಿತು," ಎಂದಿತು. ಅದರ ದನಿ ಇದ್ದಕ್ಕಿದ್ದಂತೆ ಮಗುವಿನ ದನಿಯಾಗಿತ್ತು. "ನನ್ನನ್ನು ನೋಡಿಕೊಳ್ಳುವ ಮಾಲಿ ಓಡಿಹೋದ. ಏನೂ ಕಾಣುವುದಿಲ್ಲ. ಕಾಣದ್ದಕ್ಕೆ ಹೆದರಿಕೆ. ಹೆದರಿಕೆಗೆ ತುಳಿಯುತ್ತೇನೆ."

"ಕೂತುಕೋ. ನನ್ನ ಹತ್ತಿರ ಕತ್ತರಿ ಇದೆ."

ಆನೆ ಕೂತಿತು. ಪದುಮಿ ಅದರ ಮಂಡಿ ಹತ್ತಿ ನಿಂತು ಕಣ್ಣಿನ ಸುತ್ತ ಎಲೆ ಕತ್ತರಿಸತೊಡಗಿದಳು. ಸಣ್ಣ ಕತ್ತರಿ, ದಪ್ಪ ಕಡ್ಡಿ. ಬೆರಳಲ್ಲಿ ಬೊಬ್ಬೆಗಳು ಎದ್ದವು. ಬಲಗಣ್ಣು ಮುಗಿಸಿ ಕಿವಿಯ ಕಡೆ ಕೈಹಾಕಿದಾಗ ಆನೆ ಮೆಲ್ಲಗೆ ಹೇಳಿತು: "ಅಲ್ಲಿ ಬೇಡ. ಆ ಕಿವಿಯಲ್ಲಿ ಪಿಕಳಾರ ಹಕ್ಕಿಯೊಂದು ಮೊಟ್ಟೆ ಇಟ್ಟಿದೆ. ಅದಕ್ಕೆಂದೇ ನಾನು ತಲೆ ಅಲ್ಲಾಡಿಸುವುದಿಲ್ಲ."

ಪದುಮಿಗೆ ನಗು ಬಂತು. ತುಳಿಯುತ್ತೇನೆಂದು ಕೂಗುವ ಆನೆ ಮೊಟ್ಟೆಗಾಗಿ ತಲೆ ಅಲ್ಲಾಡಿಸದೆ ಇತ್ತು. ಅವಳು ಆ ಕಿವಿಯನ್ನು ಹಾಗೇ ಬಿಟ್ಟು ಎಡಗಣ್ಣು ಬಿಡಿಸಿದಳು.

ಆನೆ ಕಣ್ಣು ತೆರೆಯಿತು. ಆಕಾಶ ನೋಡಿತು. ತಾನು ಹಾಳುಮಾಡಿದ ಗುಲಾಬಿಗಳನ್ನು ನೋಡಿ ನಾಚಿಕೊಂಡಿತು. ಆಮೇಲೆ ಪಕ್ಕಕ್ಕೆ ಸರಿದು, "ಹೋಗಮ್ಮ. ಈ ದಾರಿ ಕೊಳಕ್ಕೆ ಹೋಗುತ್ತದೆ," ಎಂದು ದಾರಿ ಬಿಟ್ಟಿತು.

ಕೊಳ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಹಿಂದೆ ಇಲ್ಲಿ ದೋಣಿಗಳಿದ್ದವು, ದೋಣಿ ನಡೆಸುವವರಿದ್ದರು. ಈಗ ಒಡೆದ ದೋಣಿಯೊಂದು ದಂಡೆಯಲ್ಲಿ ಮಗುಚಿಕೊಂಡಿತ್ತು, ಅಷ್ಟೆ. ಕೊಳದ ಎರಡೂ ಬದಿಗೆ ಮುಳ್ಳು ಬೆಳೆದು ಕಾಲಿಡಲು ಸಾಧ್ಯವಿರಲಿಲ್ಲ. ನೀರಿನ ಮೇಲೇ ಹೋಗಬೇಕು. ಪದುಮಿ ಸೀರೆ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟಳು. ತಾವರೆ ಎಲೆಗಳ ನಡುವಿಂದ ಒಂದು ಮೊಸಳೆ ತಲೆ ಎತ್ತಿತು. ಅದರ ಬೆನ್ನ ಮೇಲೆ ಪಾಚಿ ಬೆಳೆದಿತ್ತು, ಮೂಗಿನ ಮೇಲೊಂದು ಕಪ್ಪೆ ಕೂತಿತ್ತು.

"ದಾಟಬೇಕೇ?" ಎಂದಿತು ಮೊಸಳೆ.

"ಹೌದು ಮೊಸಳೆ ಮಾವ. ದಾಟಿಸುತ್ತೀಯಾ?"

"ದಾಟಿಸುತ್ತೇನೆ. ಆದರೆ ನನ್ನನ್ನು ನಗಿಸಬೇಕು. ನಗಿಸದಿದ್ದರೆ ನುಂಗುತ್ತೇನೆ. ಮುಂಚೆ ದಿನವೂ ಜನ ಬರುತ್ತಿದ್ದರು. ದೋಣಿಯಲ್ಲಿ ಕೂತು ಅವರು ಆಡುವ ಮಾತು ಕೇಳಿ ನಾನು ನೀರಿನಡಿ ನಗುತ್ತಿದ್ದೆ. ಈಗ ಯಾರೂ ಇಲ್ಲ. ನಗು ಮರೆತು ಹೊಟ್ಟೆಯೊಳಗೆ ಕಲ್ಲು ಕಟ್ಟಿದ ಹಾಗಿದೆ."

ಪದುಮಿಗೆ ಕತೆ ಹೇಳಿ ಗೊತ್ತಿರಲಿಲ್ಲ. ಮನೆಯಲ್ಲಿ ಬಾಯಿ ಇದ್ದದ್ದು ಅಣ್ಣನಿಗೆ, ಅವಳು ಕೇಳುವವಳು. ಆದರೂ ಮೊಸಳೆಯ ಬೆನ್ನೇರಿ ಕೂತು, ಬಾಯಿಗೆ ಬಂದದ್ದನ್ನೇ ಹೇಳಿದಳು.

"ನನ್ನ ಅಣ್ಣ ಅಂಕಣ್ಣ ಒಂದು ಸಲ ಮೇಕೆ ಹಿಡಿಯಲು ಹೋಗಿ ನೀಲಿ ಬಣ್ಣದ ಗುಡಾಣಕ್ಕೆ ಬಿದ್ದ. ಮೇಕೆಯೂ ಬಿತ್ತು. ಇಬ್ಬರೂ ಎದ್ದು ಬಂದರೆ ನೋಡು, ಅಡಿಯಿಂದ ಮುಡಿಯ ತನಕ ನೀಲಿ! ಮೇಕೆ ತಪ್ಪಿಸಿಕೊಂಡು ದೇವಸ್ಥಾನದ ಬೀದಿಗೆ ಓಡಿತು. ಜನ ನೀಲಿ ಮೇಕೆಯನ್ನು ಎಲ್ಲಿ ಕಂಡಿದ್ದಾರೆ? ಯಾವುದೋ ದೇವರೇ ಬಂದ ಅಂತ ಅಡ್ಡಬಿದ್ದರು. ಪೂಜಾರಿ ಹಾರ ಹಾಕಿದ. ಮೇಕೆ ಹಾರ ತಿಂದಿತು. ಎರಡನೇ ಹಾರ ಹಾಕಿದ, ಅದನ್ನೂ ತಿಂದಿತು. ಮೂರನೇ ಸಲ ಪೂಜಾರಿಯ ಶಲ್ಯವನ್ನೇ ತಿನ್ನತೊಡಗಿತು. ಅಷ್ಟರಲ್ಲಿ ನನ್ನ ಅಣ್ಣ ಹಿಂದೆಯೇ ಓಡಿಬಂದ. ಅವನೂ ನೀಲಿಯಲ್ಲವೇ? ಒಬ್ಬ ಮುದುಕಿ ಅವನನ್ನು ಕಂಡು, 'ಕೃಷ್ಣಪ್ಪಾ, ಕಡೆಗೂ ಬಂದೆಯಲ್ಲಪ್ಪಾ' ಅಂತ ಅವನ ಬಾಯಿಗೆ ಬೆಣ್ಣೆ ತುರುಕಿದಳು. ಅಣ್ಣ ಬೆಣ್ಣೆ ಉಗುಳಲಾರ, ನಾನು ಕೃಷ್ಣನಲ್ಲ ಅನ್ನಲಾರ. ಬಾಯಿ ತುಂಬ ಬೆಣ್ಣೆ ಇಟ್ಟುಕೊಂಡು, ಒಂದು ಕೈಯಲ್ಲಿ ಆಶೀರ್ವಾದ ಮಾಡುತ್ತ, ಇನ್ನೊಂದು ಕೈಯಲ್ಲಿ ಮೇಕೆಯ ಕಿವಿ ಹಿಡಿದು ಎಳೆದುಕೊಂಡು ಮನೆಗೆ ಬಂದ!"

ಮೊಸಳೆಯ ಹೊಟ್ಟೆ ಮೊದಲು ಗುಡುಗುಡು ಎಂದಿತು. ಆಮೇಲೆ ಬಾಯಿ ತೆರೆದು ಅದು ನಕ್ಕ ನಗುವಿಗೆ ಕೊಳದ ನೀರೆಲ್ಲ ಅಲೆ ಎದ್ದು, ಕಪ್ಪೆ ಹಾರಿ ದಂಡೆಗೆ ಬಿತ್ತು, ಪದುಮಿ ಕುತ್ತಿಗೆಯ ತನಕ ತೊಯ್ದುಹೋದಳು. ರೊಟ್ಟಿಯ ಗಂಟು ನೀರುಪಾಲಾಯಿತು. ನಗುತ್ತಲೇ ಮೊಸಳೆ ಅವಳನ್ನು ಆಚೆ ದಂಡೆಗೆ ಮುಟ್ಟಿಸಿತು. ನಗು ನಿಂತ ಮೇಲೆ ಅದು ಗಂಭೀರವಾಗಿ ಹೇಳಿತು:

"ನಿನಗೊಂದು ಮಾತು ಹೇಳಬೇಕು ಮಗಳೇ. ಈ ಕಾಡಿನಲ್ಲಿ ಹೊಗೆಜಡೆ ಎಂಬ ಮಾಂತ್ರಿಕನಿದ್ದಾನೆ. ಹಿಂದೆ ಅವನು ಊರನ್ನೇ ನುಂಗಲು ಬಂದಿದ್ದ. ಅಜ್ಜಿರಾಣಿ ಅವನ ಸುತ್ತ ಈ ಮರಗಳನ್ನು ನೆಟ್ಟು ಕಟ್ಟಿಹಾಕಿದಳು. ಮರಗಳಿರುವ ತನಕ ಅವನ ಮಂತ್ರ ಕಾಡಿನಿಂದಾಚೆ ನಡೆಯುವುದಿಲ್ಲ. ಹೊರಗೆ ಹೋದರೆ ಅವನಿಗೆ ಬಾಯಿಮಾತು ಬಿಟ್ಟು ಬೇರೆ ಬಲವಿಲ್ಲ. ಮರಗಳನ್ನು ಅವನು ಮುಟ್ಟಲಾರ. ಊರಿನವರೇ ಕೈಯಾರೆ ಕಡಿದರೆ ಮಾತ್ರ ಅವನ ಕಟ್ಟು ಬಿಚ್ಚುತ್ತದೆ."

ದೊಡ್ಡ ರುಮಾಲಿನ ಸನ್ಯಾಸಿ ಯಾರೆಂದು ಪದುಮಿಗೆ ತಿಳಿಯಿತು. ಜನ ಯಾಕೆ ಕಾಣೆಯಾದರೆಂದೂ ತಿಳಿಯಿತು. ಊರು ಹೆದರಬೇಕು, ಹೆದರಿ ಕೊಡಲಿ ಎತ್ತಬೇಕು. ಅವನಿಗೆ ಬೇಕಾದ್ದು ಅದೇ.

"ಮಾವಾ, ಕಾಣೆಯಾದವರೆಲ್ಲ ಎಲ್ಲಿ?"

"ಅದು ನೀರಿನೊಳಗಿರುವ ನನಗೆ ಗೊತ್ತಿಲ್ಲ. ನೀನೇ ಹೋಗಿ ನೋಡು."

ಪದುಮಿ ಒಳಕಾಡು ಹೊಕ್ಕಳು. ಹೊಂಗೆಯ ನೆರಳು ತಂಪಾಗಿತ್ತು. ನೇರಳೆ ಮರದಡಿ ಹಣ್ಣು ಬಿದ್ದು ನೆಲ ಕಪ್ಪಾಗಿತ್ತು. ಗಿಳಿಗಳು ಕಿತ್ತಾಡುತ್ತಿದ್ದವು, ಅಳಿಲುಗಳು ಓಡುತ್ತಿದ್ದವು. ಇಷ್ಟು ಚೆಂದದ ಜಾಗಕ್ಕೆ ಊರು ಹೆದರುವ ಹಾಗಾಯಿತಲ್ಲ ಎಂದು ಅವಳಿಗೆ ಸಂಕಟವಾಯಿತು. ಕೂಗಿದಳು: "ಅಣ್ಣಾ! ಅಂಕಣ್ಣಾ!" ಯಾರೂ ಓಗೊಡಲಿಲ್ಲ.

ನಡೆದು ನಡೆದು ಕಾಡಿನ ಮಧ್ಯೆ ಒಂದು ಬಯಲಿಗೆ ಬಂದಳು. ಅಲ್ಲಿ ಅವಳು ಎಂದೂ ಕಾಣದ ಜಾತಿಯ ಮರಗಳು ನಿಂತಿದ್ದವು. ಬೂದಿ ಬಣ್ಣದ ತೊಗಟೆ. ಒಂದು ಹಕ್ಕಿಯೂ ಕೂತಿರಲಿಲ್ಲ, ಒಂದು ಇರುವೆಯೂ ಹತ್ತಿರಲಿಲ್ಲ. ಯಾವುದೂ ಆಳೆತ್ತರಕ್ಕಿಂತ ಹೆಚ್ಚಿರಲಿಲ್ಲ. ಒಂದಂತೂ ಅವಳ ಸೊಂಟದಷ್ಟೇ ಇತ್ತು.

ಸುಸ್ತಾಗಿದ್ದ ಪದುಮಿ ಆ ಪುಟ್ಟ ಮರಕ್ಕೆ ಕೈ ಊರಿದಳು. ಮರ ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹಣೆಯ ಹಾಗೆ. ಅವಳು ಬೆಚ್ಚಿ, ಬಗ್ಗಿ, ತೊಗಟೆಗೆ ಕಿವಿ ಇಟ್ಟಳು. ಒಳಗೆ ಪಟಪಟ ಪಟಪಟ ಎಂದು ಸಣ್ಣ ಎದೆ ಹೊಡೆದುಕೊಳ್ಳುತ್ತಿತ್ತು.

"ಗೊತ್ತಾಯಿತೇ?" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದರೆ ಅದೇ ಸನ್ಯಾಸಿ. ಅವನು ನಿಧಾನವಾಗಿ ರುಮಾಲು ಬಿಚ್ಚಿದ. ಅವನ ತಲೆಯ ಮೇಲೆ ಕೂದಲಿರಲಿಲ್ಲ, ಹೊಗೆ ಇತ್ತು. ಜಡೆಜಡೆಯಾಗಿ ಸುತ್ತಿಕೊಂಡ ಕಪ್ಪು ಹೊಗೆ ಭುಜದ ಮೇಲೆ, ಬೆನ್ನ ಮೇಲೆ ಇಳಿಯಿತು.

"ಇವರೇ ಕಾಣೆಯಾದವರು," ಎಂದು ಹೊಗೆಜಡೆ ನಕ್ಕ. "ನಾನು ಯಾರನ್ನೂ ಕೊಂದಿಲ್ಲ. ಇವರ ಮೇಲೆ ಊದಿದೆ, ಅಷ್ಟೇ. ಕೊಲ್ಲುವುದು ರಾಜನ ಕೊಡಲಿ. ಅವನು ಮೊದಲ ಪೆಟ್ಟು ಹಾಕುವುದು ಈ ಪುಟ್ಟ ಮರಕ್ಕೆ. ನಾನೇ ತೋರಿಸಿಕೊಡುತ್ತೇನೆ."

"ಅದು ಅವನ ಮಗಳು!"

"ಹೌದು. ಅಜ್ಜಿರಾಣಿಯ ಮರಿಮೊಮ್ಮಗನೇ ತನ್ನ ಮಗಳನ್ನು ಕಡಿದರೆ, ಅವಳು ಹಾಕಿದ ಕಟ್ಟು ಒಂದೇ ಪೆಟ್ಟಿಗೆ ಬಿಚ್ಚಿಹೋಗುತ್ತದೆ." ಅವನು ಹತ್ತಿರ ಬಂದ. ದನಿ ಮೆತ್ತಗಾಯಿತು. "ನೋಡು ಹುಡುಗಿ, ನೀನು ಆನೆಯನ್ನು ದಾಟಿದೆ, ಮೊಸಳೆಯನ್ನು ದಾಟಿದೆ. ನಿನ್ನ ಮೇಲೆ ನನಗೆ ಮೆಚ್ಚುಗೆ ಇದೆ. ಅಗೋ, ಆ ಬಾಗಿದ ಮರ, ಅದೇ ನಿನ್ನ ಅಣ್ಣ. ಅವನನ್ನು ಬಿಟ್ಟುಕೊಡುತ್ತೇನೆ. ಕರೆದುಕೊಂಡು ಹೊರಟುಹೋಗು. ಇಲ್ಲಿ ಕಂಡದ್ದನ್ನು ಯಾರಿಗೂ ಹೇಳಬಾರದು. ಅಷ್ಟೇ ನನ್ನ ಕರಾರು."

ಪದುಮಿ ಆ ಬಾಗಿದ ಮರವನ್ನು ನೋಡಿದಳು. ಹೂವು ಆರಿಸಲು ಬಗ್ಗಿದವನ ಹಾಗೇ ಇತ್ತು. ಅವಳ ಕಣ್ಣು ತುಂಬಿ ಬಂತು. ಅಣ್ಣನ ಕೈ ಹಿಡಿದು ಮನೆಗೆ ಹೋದರೆ ಅವ್ವನ ಮುಖ ಹೇಗಿರಬಹುದು! ಹೂಂ ಎನ್ನಬೇಕೆಂದು ನಿಜವಾಗಿಯೂ ಅನ್ನಿಸಿತು. ಆದರೆ ಅವಳ ಕೈ ಇನ್ನೂ ಪುಟ್ಟ ಮರದ ಮೇಲೇ ಇತ್ತು, ಅಂಗೈ ಕೆಳಗೆ ಆ ಎದೆ ಪಟಪಟ ಬಡಿಯುತ್ತಲೇ ಇತ್ತು.

"ಆಗುವುದಿಲ್ಲ," ಎಂದಳು. "ಈ ಮಗುವನ್ನು ಇಲ್ಲಿ ಬಿಟ್ಟು ಬಂದೆ ಅಂದರೆ ನನ್ನ ಅಣ್ಣನೇ ನನ್ನ ಮುಖ ನೋಡುವುದಿಲ್ಲ."

ಹೊಗೆಜಡೆಯ ಮುಖ ಕಪ್ಪಿಟ್ಟಿತು. "ಹಾಗಾದರೆ ನೀನೂ ಇಲ್ಲೇ ನಿಲ್ಲು!" ಎಂದು ಅವಳ ಮೇಲೆ ಊದಿದ.

ಪದುಮಿ ಅಣ್ಣನ ಮರದ ಕಡೆ ಓಡಲು ನೋಡಿದಳು. ಹೆಜ್ಜೆ ಏಳಲಿಲ್ಲ. ಕಾಲಿನ ಬೆರಳುಗಳು ಬೇರಾಗಿ ಮಣ್ಣಿಗಿಳಿದವು. ಪಾದ ಮರಗಟ್ಟಿತು, ಮೊಣಕಾಲು ಮರಗಟ್ಟಿತು. ತೊಗಟೆ ಮೆಲ್ಲಮೆಲ್ಲಗೆ ಮೇಲೇರತೊಡಗಿತು. ಹೊಗೆಜಡೆ ಮತ್ತೆ ರುಮಾಲು ಸುತ್ತಿಕೊಂಡು ರಾಜನನ್ನು ಎದುರುಗೊಳ್ಳಲು ಹೋದ. ಅವಳು ಪೂರ್ತಿ ಮರವಾಗುವ ತನಕ ಕಾಯುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಬಿಸಿಲು ವಾಲಿತು. ತೊಗಟೆ ಸೊಂಟಕ್ಕೆ ಬಂತು. ಪದುಮಿಗೆ ಕಾಲಿನ ಅರಿವೇ ಹೋಗಿತ್ತು. ಅವಳು ಪಕ್ಕದ ಪುಟ್ಟ ಮರದ ಮೇಲಿನ ಕೈ ತೆಗೆಯಲಿಲ್ಲ. "ಹೆದರಬೇಡ ಕಂದ, ನಾನಿದ್ದೇನೆ. ನಿಮ್ಮಪ್ಪ ಬರುತ್ತಾರೆ. ಬಂದರೆ ಮಾತಾಡುತ್ತೇನೆ," ಎಂದು ಅದಕ್ಕೆ ಹೇಳುತ್ತಲೇ ಇದ್ದಳು. ಹೇಳುತ್ತ ಹೇಳುತ್ತ ಅವಳ ಹೆದರಿಕೆಯೂ ಕಡಿಮೆಯಾಯಿತು. ಹೆದರಿಕೆ ಕಡಿಮೆಯಾದಂತೆ ತೊಗಟೆ ಏರುವುದೂ ನಿಧಾನವಾಯಿತು.

ದೂರದಲ್ಲಿ ತಮಟೆಯ ಸದ್ದು ಕೇಳಿತು. ಮುಳ್ಳು ಕಡಿದು ದಾರಿ ಮಾಡಿಕೊಂಡು ರಾಜ ಬಂದ, ಅವನ ಹಿಂದೆ ಕೊಡಲಿಯವರು ಬಂದರು, ಅವರ ಹಿಂದೆ ಕಾಣೆಯಾದವರ ಮನೆಯವರೆಲ್ಲ ಬಂದರು. ಹೊನ್ನಾಜವ್ವನೂ ಎಡವುತ್ತ ಓಡಿಬಂದಳು. ಅರ್ಧ ಮರವಾದ ಮಗಳನ್ನು ಕಂಡು ಅವಳು ಕಿಟಾರನೆ ಕಿರುಚಿದಳು.

"ನೋಡಿದೆಯಾ ಮಹಾರಾಜ?" ಎಂದ ರುಮಾಲಿನವನು. "ಈ ಕಾಡಿನ ಪಿಶಾಚಿ ಅದು, ಹೆಣ್ಣಿನ ರೂಪದಲ್ಲಿ ನಿಂತಿದೆ. ಹೊತ್ತು ಮುಳುಗುತ್ತಿದೆ. ಆ ಪುಟ್ಟ ಮರಕ್ಕೆ ಮೊದಲ ಪೆಟ್ಟು ಹಾಕು, ಮಗಳು ಬರುತ್ತಾಳೆ!"

ರಾಜ ಕೊಡಲಿ ಎತ್ತಿದ. ಪದುಮಿ ಬಗ್ಗಿ ಪುಟ್ಟ ಮರವನ್ನು ತಬ್ಬಿಕೊಂಡಳು.

"ಒಡೆಯರೇ, ಕಡಿಯುವುದಾದರೆ ನನ್ನನ್ನು ಮೊದಲು ಕಡಿಯಿರಿ. ಆದರೆ ಅದಕ್ಕೂ ಮುಂಚೆ ಒಂದೇ ಒಂದು ಸಲ ಈ ಮರಕ್ಕೆ ಕಿವಿ ಇಟ್ಟು ಕೇಳಿ."

"ಕೇಳಬೇಡ!" ಎಂದು ಹೊಗೆಜಡೆ ಕೂಗಿದ. "ಅದು ಮಾಯೆ, ಮುಟ್ಟಬೇಡ!"

ರಾಜನ ಕೈ ಗಾಳಿಯಲ್ಲೇ ನಿಂತಿತು. ಅವನು ಸನ್ಯಾಸಿಯನ್ನು ನೋಡಿದ. "ಕಡಿ ಎನ್ನುವವನು ನೀನು, ಮುಟ್ಟಬೇಡ ಎನ್ನುವವನೂ ನೀನು. ಮುಟ್ಟಿದರೆ ಏನಾಗುತ್ತದೆ?"

ಸನ್ಯಾಸಿ ಒಂದು ಹೆಜ್ಜೆ ಹಿಂದೆ ಸರಿದ. ರಾಜ ಮಂಡಿಯೂರಿದ. ಮರಕ್ಕೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದ. ರಾತ್ರಿಗಳಲ್ಲಿ ಮಗಳು ಎದೆಯ ಮೇಲೆ ಮಲಗಿ ನಿದ್ದೆ ಹೋದಾಗ ಅವನು ಎಷ್ಟು ಸಲ ಕೇಳಿರಲಿಲ್ಲ ಆ ಸದ್ದನ್ನು! ಕೊಡಲಿ ಅವನ ಕೈಯಿಂದ ಜಾರಿ ಹುಲ್ಲಿನ ಮೇಲೆ ಬಿತ್ತು.

"ಇಂದೂ," ಎಂದ ಅವನು, ಮರವನ್ನು ಬಾಚಿ ತಬ್ಬಿಕೊಂಡು. "ಇಂದೂ, ನನ್ನ ಕಂದಾ, ಅಪ್ಪ ಬಂದಿದ್ದೇನೆ. ಬಾ, ಮನೆಗೆ ಹೋಗೋಣ."

ತೊಗಟೆ ಬಿರಿಯಿತು. ಒಳಗಿಂದ ಎರಡು ಪುಟ್ಟ ಕೈಗಳು ಬಂದು ಅವನ ಕುತ್ತಿಗೆಗೆ ಬಿದ್ದವು. "ಅಪ್ಪಾ, ಚಿಟ್ಟೆ ಹಾರಿಹೋಯಿತು," ಎಂದಳು ಇಂದುಲೇಖೆ.

ಹೊಗೆಜಡೆಯ ರುಮಾಲು ತಾನೇ ಬಿಚ್ಚಿಕೊಂಡಿತು. ಕಪ್ಪು ಹೊಗೆ ಎದ್ದು ಬಯಲನ್ನೆಲ್ಲ ಮುಚ್ಚಲು ನೋಡಿತು. ಆದರೆ ಅಷ್ಟರಲ್ಲಿ ಊರಿನವರು ಹೆದರುವುದನ್ನು ಮರೆತಿದ್ದರು. ತಮ್ಮವರು ಎಲ್ಲಿದ್ದಾರೆಂದು ತಿಳಿದ ಮೇಲೆ ಹೊಗೆಗೆ ಯಾರು ಹೆದರುತ್ತಾರೆ? ಅವರು ಹೊಗೆಯೊಳಗೇ ನುಗ್ಗಿ ಮರದಿಂದ ಮರಕ್ಕೆ ಓಡಿದರು, ತಬ್ಬಿದರು, ಹೆಸರು ಹಿಡಿದು ಕೂಗಿದರು. ಜೇನು ಬಿಡಿಸುವವನ ಹೆಂಡತಿ ತಪ್ಪು ಮರ ತಬ್ಬಿಕೊಂಡು ಗಂಡನನ್ನು ಬೈದು ಬೈದು ಕರೆದಳು. ಪಕ್ಕದ ಮರದಿಂದ "ಇಲ್ಲಿದ್ದೇನೆ ಕಣೇ" ಎಂದು ದನಿ ಬಂತು. ಒಬ್ಬೊಬ್ಬರು ಹೊರಬಂದಂತೆಲ್ಲ ಹೊಗೆಜಡೆ ತೆಳ್ಳಗಾದ. ಮೈಯೊಳಗೆ ಹೊಗೆ ಬಿಟ್ಟರೆ ಅವನಲ್ಲಿ ಬೇರೇನೂ ಇರಲಿಲ್ಲ. ಸಂಜೆಯ ಗಾಳಿ ಎದ್ದಿತು. ಅವನು ಹೊಂಗೆಯ ಕೊಂಬೆಗಳಿಗೆ ಸಿಕ್ಕಿ, ಎಳೆಎಳೆಯಾಗಿ ಬಿಡಿಸಿಕೊಂಡು, ಇಲ್ಲವಾದ.

ಹೊನ್ನಾಜವ್ವ ಪದುಮಿ ತೋರಿಸಿದ ಬಾಗಿದ ಮರವನ್ನು ತಬ್ಬಿ "ಅಂಕಾ, ಮಗನೇ" ಎಂದಳು. ಅಂಕಣ್ಣ ಮಡಿಲ ತುಂಬ ಹೂವಿನೊಂದಿಗೆ ಹೊರಬಂದ. ಅವನೂ ಅವ್ವನೂ ಸೇರಿ ಪದುಮಿಯ ಎರಡೂ ಕೈ ಹಿಡಿದು, "ಬಾರೇ ಪದುಮಿ" ಎಂದು ಎಳೆದರು. ಬೇರುಗಳು ಸಡಿಲಿ, ಕಾಲು ಕಾಲಾಯಿತು. ಅವಳು ಅಣ್ಣನ ಎದೆಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆ ಇಡೀ ಹಗಲಿನಲ್ಲಿ ಅವಳು ಅತ್ತದ್ದು ಅದೇ ಮೊದಲು.

ಎಲ್ಲರೂ ಮನೆಗೆ ಹೊರಡಲು ತಿರುಗಿದರು. ಪದುಮಿ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಬಯಲಿನ ಅಂಚಿನಲ್ಲಿ ಒಂದು ಬೂದಿ ಬಣ್ಣದ ಮರ ಇನ್ನೂ ನಿಂತಿತ್ತು.

"ಅದು ಯಾರದು?" ಎಂದು ಕೇಳಿದಳು.

ಯಾವ ಮನೆಯಲ್ಲೂ ಇನ್ನು ಯಾರೂ ಕಾಣೆಯಾಗಿರಲಿಲ್ಲ. ಆ ಮರವನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಹೊತ್ತು ಮುಳುಗುವುದರಲ್ಲಿತ್ತು. ಪದುಮಿ ಹೋಗಿ ಆ ಮರವನ್ನು ತಬ್ಬಿಕೊಂಡಳು. ಒಳಗೆ ಎದೆ ಬಡಿಯುತ್ತಿತ್ತು, ಬಹಳ ನಿಧಾನವಾಗಿ, ಇನ್ನು ಯಾರೂ ಬರುವುದಿಲ್ಲವೆಂದು ತಿಳಿದುಕೊಂಡವರ ಹಾಗೆ.

"ನೀವು ಯಾರೋ ನನಗೆ ಗೊತ್ತಿಲ್ಲ," ಎಂದಳು ಪದುಮಿ. "ಯಾವ ಊರಿನವರೋ ಗೊತ್ತಿಲ್ಲ. ಬನ್ನಿ, ನಮ್ಮ ಮನೆಗೆ ಹೋಗೋಣ. ಅವ್ವ ಬಿಸಿ ರೊಟ್ಟಿ ಮಾಡುತ್ತಾಳೆ."

ಮರ ಅಲುಗಲಿಲ್ಲ. ಆಗ ಅಂಕಣ್ಣ ಬಂದು ತಂಗಿಯ ಪಕ್ಕದಲ್ಲಿ ನಿಂತು ಮರದ ಮೇಲೆ ಕೈಯಿಟ್ಟ. ಹೊನ್ನಾಜವ್ವ ಬಂದಳು. ರಾಜ ಮಗಳನ್ನು ಎತ್ತಿಕೊಂಡೇ ಬಂದ. ಕೊಡಲಿಯವರು ಕೊಡಲಿ ಎಸೆದು ಬಂದರು. ಕೈ ಎಟುಕದವರು ಎಟುಕಿದವರ ಭುಜದ ಮೇಲೆ ಕೈಯಿಟ್ಟರು. "ಬನ್ನಿ," ಎಂದರು ಎಲ್ಲರೂ. "ಬನ್ನಿ, ಬನ್ನಿ."

ತೊಗಟೆ ಬಿರಿಯಿತು. ಬಿಳಿಕೂದಲಿನ ಒಬ್ಬ ಮುದುಕಿ, ಹೆಗಲಿಗೊಂದು ಹಳೆಯ ಜೋಳಿಗೆ, ಹೊರಗೆ ಕಾಲಿಟ್ಟಳು. ದೂರದ ಯಾವುದೋ ನಾಡಿನಿಂದ ನಡೆದುಬಂದು, ಈ ತೋಟದ ನೆರಳಿನಲ್ಲಿ ಒಂದು ಗಳಿಗೆ ಕೂರೋಣವೆಂದು ಒಳಗೆ ಬಂದಿದ್ದವಳು ಅವಳು. ಎದುರಿಗೆ ಅಷ್ಟೊಂದು ಜನರನ್ನು ಕಂಡು ಅವಳಿಗೆ ಗಾಬರಿಯಾಯಿತು.

"ನನಗೆ ಯಾರೂ ಇಲ್ಲವಲ್ಲ," ಎಂದಳು. "ನನ್ನನ್ನು ಕರೆದದ್ದು ಯಾರು?"

"ನಾವು, ಅಜ್ಜೀ," ಎಂದಿತು ಊರು.

ಆಮೇಲೆ ಕೇದಗೆಪಟ್ಟಣದಲ್ಲಿ ಕಾಡಿಗೆ ಕೊಡಲಿ ಎತ್ತಿದವರಿಲ್ಲ. ಮಾಲಿಗಳು ಮರಳಿ ಬಂದರು, ದೋಣಿಗಳು ನೀರಿಗಿಳಿದವು, ಮಲ್ಲಿಗೆ ಬಳ್ಳಿ ಬಿಡಿಸಿದ ಬೆಂಚುಗಳ ಮೇಲೆ ಜನ ಕೂತು ಹರಟಿದರು. ಆ ಅಜ್ಜಿ ಬಣ್ಣಗಾರರ ಬೀದಿಯಲ್ಲೇ ನೆಲೆ ನಿಂತಳು. ಅವಳು ಕಂಡ ದೇಶಗಳ ಸುದ್ದಿ ಕೇಳಲು ಸಂಜೆ ಸಂಜೆ ಹೊನ್ನಾಜವ್ವನ ಜಗಲಿ ತುಂಬಿಹೋಗುತ್ತಿತ್ತು. ಅವರೆಲ್ಲ ನಕ್ಕು ನಲಿದು ಬಹುಕಾಲ ಬಾಳಿದರು. ಕತೆ ಹೇಳಿದ ಬಾಯಿಗೂ ಕೇಳಿದ ಕಿವಿಗೂ ಅಂಥದೇ ತಂಪು ನೆರಳು ಸಿಗಲಿ.